ಡೈರಿ ಮುಂದೆ ಓಆರ್‌ಎಸ್: ನನ್ನ ಅನುಭವ

ನಾನು ಹಳ್ಳಿಯ ಆಶಾ ಕಾರ್ಯಕರ್ತೆ. ಭೇದಿಯಾದ ಮಕ್ಕಳಿಗೆ ನೀರಲ್ಲಿ ಕಲಸಿ ಕುಡಿಸೋ ಓಆರ್‌ಎಸ್ ಪೊಟ್ಟಣವನ್ನು ತಾಯಂದಿರ ಕೈಗೆ ಕೊಡೋದನ್ನು ನಿಲ್ಲಿಸಿ ಎರಡು ವರ್ಷ ಆಗ್ತಾ ಬಂತು. ಈಗ ಅಜ್ಜಿಯರ ಕೈಗೆ ಕೊಡುತ್ತೇನೆ. ಅದೂ ಮನೆಯಲ್ಲಲ್ಲ, ಡೈರಿ ಮುಂದೆ, ಹಾಲು ಹಾಕೋಕೆ ಬಂದಾಗ. ಮೊದಲು ನಮ್ಮ ಜೊತೆಯ ಆಶಾಗಳೇ "ಹಾಲು ಹಾಕೋ ಹೊತ್ತಲ್ಲಿ ಯಾರು ಕೇಳ್ತಾರಕ್ಕ" ಅಂದರು. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಹೆಚ್‌ಸಿ) ಸಭೆಯಲ್ಲೂ ಯಾರೂ ಒಪ್ಪಲಿಲ್ಲ. ಈಗ ಅಕ್ಕಪಕ್ಕದ ಊರಿನವರೂ ಇದನ್ನೇ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮದ್ದೂರು ತಾಲ್ಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಊರು. ಸುಮಾರು 250 ಮನೆ. ಐದು ವರ್ಷದೊಳಗಿನ ಮಕ್ಕಳು ಎಪ್ಪತ್ತೆಂಬತ್ತು.

ತಾಯಂದಿರಿಗೆ ಗೊತ್ತಿಲ್ಲ ಅಂತ ಅಲ್ಲ. ಕೇಳಿದರೆ ಓಆರ್‌ಎಸ್, ಅದರ ಜೊತೆ ಕೊಡೋ ಜಿಂಕ್ ಮಾತ್ರೆ ಎಲ್ಲ ಬಾಯಿಪಾಠ ಹೇಳುತ್ತಾರೆ. ಆದರೆ ಮಗುವಿಗೆ ಭೇದಿ ಶುರುವಾದಾಗ ಮನೆಯಲ್ಲಿ ನಡೆಯೋದು ಅತ್ತೆಯ ಮಾತು. "ಹಲ್ಲು ಬರೋವಾಗ ಹಂಗೇ", "ದೃಷ್ಟಿ ತಾಗಿದೆ", ಇಲ್ಲಾಂದ್ರೆ ನೀರು, ಅನ್ನ ಎರಡೂ ಬಂದ್. ಒಬ್ಬ ಅಜ್ಜಿ ನನ್ನನ್ನೇ ಕೇಳಿದರು: "ನೀರು ನೀರಾಗಿ ಓಯ್ತಾ ಅದೆ, ಅದರ ಮ್ಯಾಲೆ ನೀರು ಕುಡ್ಸು ಅಂತೀಯಲ್ಲವ್ವ?" ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ನಾವು ಅದಕ್ಕೆ ಉತ್ತರ ಕೊಡದೆ ಸುಮ್ನೆ ಪೊಟ್ಟಣ ಹಂಚುತ್ತಿದ್ದೆವು. "ನಾಲೆ ನೀರು ನಿಂತ್ರೆ ಗದ್ದೆ ಏನಾಗುತ್ತೆ ಅಜ್ಜಿ? ಬದು ಒಡೆದು ನೀರು ಹರೀತಿದ್ರೆ ತೂಬು ಮುಚ್ತೀರಾ? ಮಗು ಮೈಯೂ ಹಂಗೇ, ಹೋದಷ್ಟು ನೀರು ತುಂಬ್ತಾ ಇರಬೇಕು" ಅಂದೆ. ಆಮೇಲೆ ಆ ಅಜ್ಜಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ ಬರೋದು 10,000 ರೂಪಾಯಿ. ಅದರಲ್ಲಿ ನಾಲ್ಕು ಸಾವಿರದ ಹತ್ತಿರ ಗೋಡೆಬರಹಕ್ಕೇ ಹೋಯಿತು. ಅದನ್ನು ಓದಿ ಒಂದು ಮಗುವಿಗೂ ಓಆರ್‌ಎಸ್ ಕುಡಿಸಿದ್ದು ನಾನು ಕಾಣೆ. ಜಾಥಾ, ಬೀದಿನಾಟಕದ್ದೂ ಅದೇ ಕಥೆ. ಆಶಾಗೆ ಸಿಗೋದು ಪೊಟ್ಟಣಕ್ಕೆ ಒಂದು ರೂಪಾಯಿ. ಇನ್ನೊಂದು ಕಡೆ ಊರಿನ ಒಂದು ಮನೆಯವರು ಭೇದಿಯಾದ ಮಗುವಿಗೆ ಎರಡು ದಿನ ಡ್ರಿಪ್ ಹಾಕಿಸಿ ಏಳೆಂಟು ಸಾವಿರ ಕಳೆದುಕೊಂಡರು. ಆ ಮಗು ಕುಡಿಯುತ್ತಿತ್ತು, ಆಡುತ್ತಿತ್ತು. ಡ್ರಿಪ್ ಬೇಕೇ ಇರಲಿಲ್ಲ.

ಡೈರಿಯ ಯೋಚನೆ ಬಂದದ್ದು ಲೀಟರ್ ಲೆಕ್ಕದಿಂದ. ನಮ್ಮ ಮನೆಗಳಲ್ಲಿ ಎಲ್ಲರೂ ಎಡವೋದು ಅಲ್ಲೇ, ಅಲ್ವಾ? ಇಡೀ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯುತ್ತಾರೆ. ಇಲ್ಲಾಂದ್ರೆ ಇವತ್ತು ಅರ್ಧ, ನಾಳೆ ಅರ್ಧ. ಆದರೆ ಹಾಲು ಹಾಕೋ ಅಜ್ಜಿಗೆ ಲೀಟರ್ ಅಂದರೆ ಎಷ್ಟು ಅಂತ ಕಣ್ಣಳತೆಯಲ್ಲೇ ಗೊತ್ತು. ಹಾಗಾಗಿ ಮನೆಯ ಚೊಂಬು ತನ್ನಿ ಅಂದೆ. ಡೈರಿಯ ಅಳತೆಯಲ್ಲಿ ಒಂದು ಲೀಟರ್ ನೀರು ಸುರಿದು, ಎಲ್ಲಿಗೆ ಬಂತೋ ಅಲ್ಲಿ ನೇಲ್ ಪಾಲಿಶ್‌ನಿಂದ ಗೆರೆ ಎಳೆದೆ. ಇಪ್ಪತ್ತು ರೂಪಾಯಿಯ ಎರಡು ಬಾಟಲಿಯಲ್ಲಿ ಇಡೀ ಊರಿನ ಚೊಂಬು ಮುಗಿಯಿತು. ಈ ಉಪಾಯ ನನ್ನದೇ, ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ.

ಮೊದಲ ಅಜ್ಜಿಯನ್ನು ಹೇಗೆ ಆರಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳೋದಿಲ್ಲ. ಡೈರಿ ಕಾರ್ಯದರ್ಶಿಯನ್ನು ಒಪ್ಪಿಸಿದ್ದನ್ನೂ ಅಷ್ಟೇ. ಅದು ಊರಿಂದ ಊರಿಗೆ ಬೇರೆ.

"ಪುಡಿ ನೀರಿಂದ ಏನಾಗುತ್ತೆ, ಬಾಟಲಿ ಹಾಕಿಸಬೇಕು" ಅನ್ನೋರಿಗೆ 1971ರ ಕಥೆ ಹೇಳುತ್ತೇನೆ. ಪಶ್ಚಿಮ ಬಂಗಾಳದ ಬನಗಾಂವ್, ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರ. ಕಾಲರಾ. ಡ್ರಿಪ್ ಮುಗಿದಿತ್ತು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸಿದ್ದು ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. "ಮನೆಯವರೇ ಕುಡಿಸಿದ್ದು" ಅಂದಾಗ ಅಜ್ಜಿಯರು ಕಿವಿಗೊಡುತ್ತಾರೆ.

ಅಂಗಡಿಯ ಸಿಹಿ ಜ್ಯೂಸ್ ಪೊಟ್ಟಣಗಳು ಬಹಳ ಕಾಡಿದವು. ಮೇಲೆ ಓಆರ್‌ಎಸ್ ಅಂತ ಹೆಸರು, ಒಳಗೆ ಬರೀ ಸಕ್ಕರೆ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿ. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಅಂಥ ಪಾನೀಯಗಳು ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿದ್ದು ನನಗೆ ದೊಡ್ಡ ಸಮಾಧಾನ.

ಜಿಂಕ್ ಇದಕ್ಕಿಂತ ಕಷ್ಟ. ಮೂರನೇ ದಿನಕ್ಕೆ ಭೇದಿ ನಿಂತರೆ ಮಾತ್ರೆಯೂ ನಿಲ್ಲುತ್ತದೆ. 14 ದಿನ ಕೊಡಿಸೋಕೆ ಗೋಡೆಯ ಕ್ಯಾಲೆಂಡರ್‌ನಲ್ಲಿ ತಾಯಿ ಕೈಯಲ್ಲೇ ಗುರುತು ಹಾಕಿಸಿದೆ. ಅರ್ಧ ಜನ ಮರೆತರು. ಕೊನೆಗೆ, ಖಾಲಿ ಮಾತ್ರೆ ಹಾಳೆಯನ್ನು ಅಜ್ಜಿ ಡೈರಿಗೆ ತಂದು ತೋರಿಸಬೇಕು ಅಂತ ಮಾಡಿದೆ. ನಾಲ್ಕು ಜನರ ಮುಂದೆ ತೋರಿಸೋದು ಅಂದರೆ ಬಿಡೋರು ಕಡಿಮೆ. ಈಗ ಹತ್ತರಲ್ಲಿ ಏಳೆಂಟು ಮನೆಯವರು ಪೂರ್ತಿ ಮುಗಿಸುತ್ತಾರೆ.

ನಡುವೆ ನೀರಿನ ಕಡೆಗೂ ಹೊರಳಿದೆ. ನೀರು ಪರೀಕ್ಷೆಯ ಬಾಟಲಿಗಳಿವೆಯಲ್ಲ, ಕೆಟ್ಟ ನೀರಾದರೆ ಒಂದೆರಡು ದಿನದಲ್ಲಿ ಕಪ್ಪಗಾಗೋದು? ಒಂದಕ್ಕೆ ನಲ್ಲಿಯಿಂದ, ಇನ್ನೊಂದಕ್ಕೆ ಅದೇ ಮನೆಯ ಬಿಂದಿಗೆಯಿಂದ ತುಂಬಿಸಿದೆ. ನಲ್ಲಿಯದು ಹಾಗೇ ಇತ್ತು. ಬಿಂದಿಗೆಯದು ಕಪ್ಪು. ಲೋಟದ ಜೊತೆ ಕೈಯೂ ಮುಳುಗುತ್ತದಲ್ಲ! ಎರಡೂ ಬಾಟಲಿಯನ್ನು ಡೈರಿ ಕಟ್ಟೆ ಮೇಲೆ ಇಟ್ಟೆ. ಮುಂದಿನ ವಾರವೇ ಸ್ತ್ರೀಶಕ್ತಿ ಸಂಘದವರು ಉದ್ದ ಹಿಡಿಯ ಸೌಟುಗಳನ್ನು ಮಂಡ್ಯ ಪೇಟೆಯಿಂದ ಸಗಟಿನಲ್ಲಿ ತಂದರು. ಒಂದಕ್ಕೆ ನಲವತ್ತು ರೂಪಾಯಿಯೊಳಗೇ ಬಿತ್ತು.

ಕೈ ತೊಳೆಯೋಕೆ ನಲ್ಲಿ ಹತ್ತಿರ ಬಲೆ ಚೀಲದಲ್ಲಿ ಸೋಪು ಕಟ್ಟಿದ್ದು ಮಾತ್ರ ಉಳಿಯಲಿಲ್ಲ. ಕಾಗೆ ಎತ್ತಿಕೊಂಡು ಹೋಗುತ್ತಿತ್ತು. ಬಟ್ಟೆ ಸೋಪಿನ ಪುಡಿಯನ್ನು ನೀರಲ್ಲಿ ಕಲಸಿ, ಮುಚ್ಚಳಕ್ಕೆ ತೂತು ಮಾಡಿದ ಹಳೇ ಬಾಟಲಿಯಲ್ಲಿ ತುಂಬಿಸಿ ನೇತುಹಾಕಿದೆ. ಹತ್ತು ರೂಪಾಯಿ ಪುಡಿ ಮೂರು ಮನೆಗೆ ತಿಂಗಳ ಹತ್ತಿರ ಬರುತ್ತದೆ.

ಕಳೆದ ಮಳೆಗಾಲ ಭೇದಿಯಾದ ಮಕ್ಕಳು ಇಪ್ಪತ್ತೈದರ ಆಸುಪಾಸು. ಡ್ರಿಪ್‌ವರೆಗೆ ಹೋದದ್ದು ಎರಡೋ ಮೂರೋ. ಮೊದಲು ಅರ್ಧಕ್ಕರ್ಧ ಹೋಗುತ್ತಿದ್ದರು. ಆ ಎರಡು ಮೂರನ್ನು ಅಜ್ಜಿಯರೇ ತಡ ಮಾಡದೆ ಕಳಿಸಿದರು. ಮಲದಲ್ಲಿ ರಕ್ತ, ಗುಳಿ ಬಿದ್ದ ಕಣ್ಣು, ಕುಡಿಯೋಕೂ ಆಗದ ಸುಸ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯೋದು, ಇವನ್ನು ಅವರು ನನಗಿಂತ ಮೊದಲೇ ನೋಡುತ್ತಾರೆ.

ಈ ದಾರಿ ಮುಟ್ಟದ ಜಾಗ ಕಬ್ಬು ಕಡಿಯೋರ ಗುಡಿಸಲು. ಅಲ್ಲಿ ಡೈರಿಯೂ ಇಲ್ಲ, ಅಜ್ಜಿಯೂ ಇಲ್ಲ. ಮಗುವನ್ನು ನೋಡಿಕೊಳ್ಳೋದು ಏಳೆಂಟು ವರ್ಷದ ಅಕ್ಕ. ಈ ಹಂಗಾಮಿಗೆ ಮೇಸ್ತ್ರಿಯ ಹೆಂಡತಿಯ ಕೈಗೆ ಹತ್ತು ಪೊಟ್ಟಣ, ಗೆರೆ ಎಳೆದ ಒಂದು ಚೊಂಬು ಕೊಟ್ಟಿದ್ದೇನೆ. ಸದ್ಯಕ್ಕೆ ನಾಲ್ಕು ಪೊಟ್ಟಣ ಖರ್ಚಾಗಿದೆ.