ಭಾರತ, ಚೀನಾ: ಯಾರ ಉಳಿತಾಯ ಎಷ್ಟು? ನೀವೇ ಹೋಲಿಸಿ ನೋಡಿ

ಚೀನಾದವರು ಆದಾಯದಲ್ಲಿ ಅರ್ಧದಷ್ಟು ಉಳಿಸುತ್ತಾರೆ, ನಾವು ಸುಮ್ನೆ ಖರ್ಚು ಮಾಡುತ್ತೇವೆ ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇದು ಎಷ್ಟು ನಿಜ ಅಂತ ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಇಂಟರ್ನೆಟ್ ಮತ್ತು ಒಂದಿಷ್ಟು ಎಕ್ಸೆಲ್ ಗೊತ್ತಿದ್ದರೆ ಸಾಕು.

ಮೊದಲು ಸರಿಯಾದ ಪಟ್ಟಿ ಹುಡುಕಿ. ವಿಶ್ವಬ್ಯಾಂಕಿನ ಜಾಲತಾಣದಲ್ಲಿ ‘ಗ್ರಾಸ್ ಸೇವಿಂಗ್ಸ್’ ಮತ್ತು ‘ಗ್ರಾಸ್ ಡೊಮೆಸ್ಟಿಕ್ ಸೇವಿಂಗ್ಸ್’ ಅಂತ ಎರಡಿವೆ. ಹೆಚ್ಚಿನವರು ಎಡವುವುದು ಇಲ್ಲೇ. ಎರಡನೆಯದು ದೇಶೀಯ ಉಳಿತಾಯ, ಅಂದರೆ ಜಿಡಿಪಿಯಲ್ಲಿ (ದೇಶದೊಳಗೆ ಒಂದು ವರ್ಷದಲ್ಲಿ ಆದ ಒಟ್ಟು ಉತ್ಪಾದನೆಯ ಮೌಲ್ಯ) ಜನರ ಮತ್ತು ಸರ್ಕಾರದ ಬಳಕೆಯನ್ನು ಕಳೆದು ಉಳಿದದ್ದು. ನಮಗೆ ಬೇಕಾದದ್ದು ಮೊದಲನೆಯದು, ರಾಷ್ಟ್ರೀಯ ಉಳಿತಾಯ. ಹೊರದೇಶದಿಂದ ಬರುವ ಆದಾಯ ಮತ್ತು ಅಲ್ಲಿರುವವರು ಕಳಿಸುವ ಹಣವನ್ನು ಸೇರಿಸಿ, ಇಲ್ಲಿಂದ ಹೊರಹೋಗುವುದನ್ನು ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ದುಬೈಯಲ್ಲಿ ದುಡಿಯುವ ಮಗ ಉಡುಪಿಯ ಮನೆಗೆ ಕಳಿಸಿದ ದುಡ್ಡನ್ನೇ ತಗೊಳ್ಳಿ. ಅದರಲ್ಲಿ ಅಮ್ಮ ಅಕ್ಕಿ, ಬೇಳೆ ತಂದರೆ ಆ ಖರ್ಚು ದೇಶೀಯ ಲೆಕ್ಕದಲ್ಲಿ ಕಳೆದುಹೋಗುತ್ತದೆ, ಆದರೆ ಬಂದ ದುಡ್ಡು ಮಾತ್ರ ಅಲ್ಲಿ ಕಾಣುವುದಿಲ್ಲ. 2022ರಲ್ಲಿ ಭಾರತಕ್ಕೆ ಹೀಗೆ ಬಂದದ್ದು 10,000 ಕೋಟಿ ಡಾಲರಿಗೂ ಜಾಸ್ತಿ. ಬಿಟ್ಟುಬಿಡುವ ಮೊತ್ತ ಅಲ್ಲ, ಅಲ್ವಾ?

ಡಾಲರ್ ಲೆಕ್ಕ ಬೇಡ, ಜಿಡಿಪಿಯ ಶೇಕಡಾವಾರು ಇರುವ ಪಟ್ಟಿಯನ್ನೇ ಇಳಿಸಿಕೊಳ್ಳಿ. ಚೀನಾದ ಆರ್ಥಿಕತೆ ನಮ್ಮದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ಬರೀ ಮೊತ್ತ ನೋಡಿದರೆ ಏನೂ ತಿಳಿಯುವುದಿಲ್ಲ.

ವರ್ಷದ ವಿಷಯದಲ್ಲೂ ಸ್ವಲ್ಪ ಹುಷಾರು. ಚೀನಾದ್ದು ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಪಟ್ಟಿ ಬಳಸಿದರೆ ಮುಂದಿನ ವರ್ಷಗಳ ಅಂದಾಜೂ ಅದರಲ್ಲೇ ಇರುತ್ತದೆ. ಅದನ್ನು ಕತ್ತರಿಸಿ ಹಾಕಿ, ಇಲ್ಲದಿದ್ದರೆ ಇನ್ನೂ ಆಗದ್ದನ್ನು ಆಗಿದೆ ಅಂತ ಓದಿಬಿಡುತ್ತೀರಿ.

ಈಗ 2000ದಿಂದ ಈಚೆಗೆ ಎರಡು ಗೆರೆಗಳ ಗ್ರಾಫ್ ಹಾಕಿ. ಎರಡೂ ಒಟ್ಟಿಗೇ ಏರುತ್ತವೆ. 2007-08ರಲ್ಲಿ ಭಾರತ ಶೇ 37ರ ಹತ್ತಿರ, ಸುಮಾರು ಅದೇ ಹೊತ್ತಿಗೆ ಚೀನಾ ಶೇ 50ರ ಮೇಲೆ. ಆಮೇಲೆ ಎರಡೂ ಇಳಿದಿವೆ. ಈಚಿನ ವರ್ಷಗಳಲ್ಲಿ ನಮ್ಮದು ಶೇ 30ರ ಆಸುಪಾಸು, ಅವರದು ಶೇ 45ರ ಆಸುಪಾಸು. ಎಲ್ಲರೂ ಎತ್ತರ ನೋಡಿ ಬೆರಗಾಗುತ್ತಾರೆ. ನನಗೆ ಕುತೂಹಲ ಹುಟ್ಟಿಸುವುದು ಇವೆರಡರ ನಡುವಿನ ಅಂತರ: ಇಷ್ಟು ಏರಿಳಿತದ ನಂತರವೂ ಅದು ಹೆಚ್ಚುಕಡಿಮೆ ಅಷ್ಟೇ ಇದೆ.

ಅಂಕಿ ಸರಿಯಿದೆಯೇ ಅಂತ ನೋಡಲು ಒಂದು ಸುಲಭ ದಾರಿಯಿದೆ. ಉಳಿತಾಯದಲ್ಲಿ ಹೂಡಿಕೆಯನ್ನು, ಅಂದರೆ ದೇಶದಲ್ಲಿ ಕಟ್ಟಡ, ಯಂತ್ರ, ರಸ್ತೆಯಂಥವಕ್ಕೆ ಹಾಕಿದ ಹಣವನ್ನು (ಇದೂ ಜಿಡಿಪಿಯ ಶೇಕಡಾವಾರು) ಕಳೆಯಿರಿ. ಬಂದ ಉತ್ತರ ದೇಶದ ಚಾಲ್ತಿ ಖಾತೆಯ ಅಂಕಿಗೆ ಹತ್ತಿರ ಇರಬೇಕು. ವ್ಯಾಪಾರ, ಆದಾಯ, ಕಳಿಸಿದ ಹಣ ಎಲ್ಲ ಸೇರಿ ಹೊರದೇಶದಿಂದ ಬಂದದ್ದರಲ್ಲಿ ಹೊರಹೋದದ್ದನ್ನು ಕಳೆದರೆ ಸಿಗುವುದೇ ಈ ಅಂಕಿ. 2007ರಲ್ಲಿ ಚೀನಾದ ಈ ಖಾತೆಯ ಹೆಚ್ಚುವರಿ ಜಿಡಿಪಿಯ ಶೇ 10ರಷ್ಟಿತ್ತು. 2012-13ರಲ್ಲಿ ನಮ್ಮದು ಶೇ 4.8 ಕೊರತೆ. ನಿಮ್ಮ ಉತ್ತರ ಇವುಗಳಿಂದ ತೀರಾ ದೂರ ಇದ್ದರೆ ಎಲ್ಲೋ ತಪ್ಪು ಪಟ್ಟಿ ಹಿಡಿದಿದ್ದೀರಿ.

ಇಷ್ಟಾದ ಮೇಲೂ ‘ಚೀನೀಯರು ಮಿತವ್ಯಯಿಗಳು’ ಅಂತ ಷರಾ ಬರೆಯಬೇಡಿ. ಈ ಅಂಕಿಯಲ್ಲಿ ಮನೆಗಳ ಜೊತೆ ಕಂಪನಿಗಳ, ಸರ್ಕಾರದ ಉಳಿತಾಯವೂ ಇರುತ್ತದೆ. 1994ರಿಂದ 2007ರವರೆಗೆ ಚೀನಾದ ಸರ್ಕಾರಿ ಕಂಪನಿಗಳು ಸರ್ಕಾರಕ್ಕೆ ಡಿವಿಡೆಂಡ್ (ಮಾಲೀಕರಿಗೆ ಕೊಡುವ ಲಾಭದ ಪಾಲು) ಕೊಡಬೇಕಾಗಿರಲಿಲ್ಲ. ಲಾಭ ಕಂಪನಿಯಲ್ಲೇ ಉಳಿಯಿತು, ಅದೂ ಉಳಿತಾಯ ಅಂತಲೇ ಲೆಕ್ಕ. ಭಾರತದಲ್ಲಿ ದೊಡ್ಡ ಪಾಲು ಮನೆಮಂದಿಯದ್ದು. ಅದರಲ್ಲೂ ಬ್ಯಾಂಕಿನ ಠೇವಣಿ ಮಾತ್ರವಲ್ಲ, ಕಟ್ಟಿಸಿದ ಮನೆ, ಮಾಡಿಸಿದ ಚಿನ್ನವೂ ಸೇರುತ್ತದೆ. ಈ ವಿಂಗಡಣೆ ಕೇಂದ್ರ ಸರ್ಕಾರದ ಅಂಕಿಅಂಶ ಸಚಿವಾಲಯದ ರಾಷ್ಟ್ರೀಯ ಲೆಕ್ಕಗಳಲ್ಲಿ ಸಿಗುತ್ತದೆ. ಗ್ರಾಫಿನಲ್ಲಿ ನಮ್ಮ ಗೆರೆ ಇಳಿದ ಕಡೆ ಯಾರ ಪಾಲು ಕಡಿಮೆಯಾಯಿತು ಅಂತ ಅಲ್ಲಿ ನೋಡಿ.