ಕಡಿಮೆ ಓಡಿದ ಕೂಪೆಗೆ ಮೊದಲ ಖರ್ಚು ಟೈರಿಗೆ

ಕುಂಬಳೆ ಊರಿನ ತಮ್ಮನೊಬ್ಬ ಕೇಳಿದ್ದ: 8 ವರ್ಷದಲ್ಲಿ ಬರೀ 18,000 ಕಿಲೋಮೀಟರ್ ಓಡಿದ ಸ್ಪೋರ್ಟ್ಸ್ ಕೂಪೆಗೆ (ಎರಡು ಬಾಗಿಲಿನ ಕಾರಿಗೆ) ಮುಂದೇನು ಹಾಕಿಸಲಿ ಅಂತ.

ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು, ಆಮೇಲೆ ನೋಡುವಾ. ಮೊದಲು ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ಓದು. 2318 ಎಂದಿದ್ದರೆ ಅದು 2018ರ 23ನೇ ವಾರದ್ದು. ಬಟನ್ (ಟೈರಿನ ಮೇಲ್ಮೈಯ ಉಬ್ಬು) ಎಷ್ಟೇ ಉಳಿದಿರಲಿ, ರಬ್ಬರ್ ಗಟ್ಟಿಯಾಗಿರುತ್ತದೆ; ಜೂನ್ ಮಳೆಗೆ ಹೆದ್ದಾರಿ 66ರಲ್ಲಿ ಅದನ್ನು ನಂಬಬೇಡ. ಒಳ್ಳೆಯ ಟೈರ್ ಕೊಡುವಷ್ಟು ವ್ಯತ್ಯಾಸವನ್ನು ಬೇರೆ ಯಾವ ಸಾಮಾನೂ ಕೊಡುವುದಿಲ್ಲ, ಇದು ನನ್ನ ಅನುಭವ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದರ ಕುದಿಬಿಂದು ಇಳಿಯುತ್ತದೆ. ಕಾರು ಶೆಡ್ಡಿನಲ್ಲೇ ನಿಂತಿದ್ದರೂ 2 ವರ್ಷಕ್ಕೊಮ್ಮೆ ಬದಲಿಸು, ಜೊತೆಗೇ ಒಳ್ಳೆಯ ಪ್ಯಾಡ್ ಹಾಕಿಸು. ನಮ್ಮದು ಕಡಲ ಬದಿ, ಉಪ್ಪುಗಾಳಿ; ಲಿಫ್ಟಿಗೆ ಏರಿಸಿ ಅಡಿಯ ತುಕ್ಕು, ಸಸ್ಪೆನ್ಶನ್ನಿನ ರಬ್ಬರ್ ಬುಶ್‌ಗಳ ಬಿರುಕು ನೋಡಿಸು.

ಜೋರು ಶಬ್ದದ ಸೈಲೆನ್ಸರ್ ಮಾತ್ರ ಬೇಡ, ದಂಡ ಬೀಳುತ್ತದೆ.