ಬೆನ್ನು ಬಿದ್ದವನ ಮೆಸೇಜುಗಳನ್ನು ನೀವೇ ಓದಬೇಡಿ

ಬೇಡ ಅಂದರೂ ಬೆನ್ನು ಬಿದ್ದವನ ನಂಬರನ್ನು ತಕ್ಷಣ ಬ್ಲಾಕ್ ಮಾಡುವ ಬದಲು, "ನನ್ನನ್ನು ಸಂಪರ್ಕಿಸಬೇಡಿ" ಅಂತ ಒಂದೇ ಒಂದು ಸಲ ಬರೆದು, ಚಾಟನ್ನು ಆರ್ಕೈವ್‌ಗೆ ಹಾಕಿ, ಆ ನಂಬರಿಗೆ ಸದ್ದಿಲ್ಲದ ರಿಂಗ್‌ಟೋನ್ ಇಡಿ. ಆಮೇಲೆ ದಿನಕ್ಕೊಮ್ಮೆ ಅಕ್ಕನೋ ಗೆಳತಿಯೋ ಅದನ್ನು ತೆರೆದು ನೋಡಲಿ. ನಂಬರ್, ತಾರೀಖು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ತಮ್ಮ ಫೋನಿನಲ್ಲೂ ಇಟ್ಟುಕೊಳ್ಳಲಿ. ಫೋನ್ ಟಿಣ್ ಅಂದಾಗಲೆಲ್ಲ ಎದೆ ಧಸಕ್ ಅನ್ನುವುದೇ ಅರ್ಧ ಜೀವ ತಿನ್ನುತ್ತೆ ಅಲ್ವಾ, ಓದುವ ಕೆಲಸ ಇನ್ನೊಬ್ಬರ ಪಾಲಾದರೆ ರಾತ್ರಿ ನಿದ್ದೆಯಾದರೂ ಬರುತ್ತೆ. ಸಾಕ್ಷಿಯೂ ಉಳಿಯುತ್ತೆ. ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ಹೇಳಿದ ಮೇಲೂ ಹೆಣ್ಣಿನ ಹಿಂದೆ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಆ ಒಂದು ಸಾಲಿನ ಮೆಸೇಜು ಮುಖ್ಯ ಆಗುವುದು ಇಲ್ಲೇ. ಅದಾದ ಮೇಲೆ ಬೈಯಲಿಕ್ಕೂ ಉತ್ತರ ಕೊಡಬೇಡಿ, ಅವನಿಗೆ ಅದೇ ಹಬ್ಬ. "ನೀನೇ ಏನೋ ಮಾಡಿರಬೇಕು" ಅನ್ನುವವರ ಕೈಗೆ ಮಾತ್ರ ಈ ಕೆಲಸ ಕೊಡಬೇಡಿ, ಸಂಕಟ ಜಾಸ್ತಿಯಾಗುತ್ತೆ. ಅವನು ಮನೆ, ಆಫೀಸು, ಬಸ್‌ಸ್ಟಾಪ್ ಹತ್ತಿರ ಬರತೊಡಗಿದರೆ ಅಥವಾ ಬೆದರಿಸಿದರೆ ಈ ಉಪಾಯ ಸಾಲದು. ಸ್ಕ್ರೀನ್‌ಶಾಟ್ ಜೋಡಿಸುತ್ತಾ ಕೂರದೆ 112ಕ್ಕೆ ಫೋನ್ ಮಾಡಿ.